8×42 ಬೈನಾಕ್ಯುಲರ್, ಒಂದು ವರ್ಷ, ಒಂದು ಹರಿದ ಕಿವಿಯ ಜಿಂಕೆ

ಹುಲಿ ನೋಡೋಣ ಅಂತ ತಗೊಂಡ ಬೈನಾಕ್ಯುಲರ್ ಇದು. ವರ್ಷದ ಮೇಲಾಯಿತು. ಹುಲಿ ಕಂಡಿದ್ದು ಒಂದೇ ಸಲ, ಅದೂ ಬರೀ ಬೆನ್ನು, ಲಂಟಾನ ಪೊದೆಯೊಳಗೆ ನುಗ್ಗಿ ಹೋಗುವಾಗ. ಆದರೂ ದುಡ್ಡು ದಂಡವಾಯಿತು ಅಂತ ಒಂದು ದಿನವೂ ಅನ್ನಿಸಿಲ್ಲ. ಯಾಕೆ ಅಂದರೆ ಒಂದು ಗಂಡು ಜಿಂಕೆಯ ತಲೆ ಮೇಲೆ ಕೊಂಬು ಬಿದ್ದು, ಮತ್ತೆ ಚಿಗುರಿ, ಬೆಳೆದು, ಸಿಪ್ಪೆ ಸುಲಿದು ಗಟ್ಟಿಯಾಗುವವರೆಗೆ ಅಷ್ಟನ್ನೂ ಇದರಲ್ಲೇ ನೋಡಿದ್ದೇನೆ. ಹಾಗಾಗಿ ಈ ರಿವ್ಯೂನಲ್ಲಿ ಗಾಜಿನ ವಿಷಯಕ್ಕಿಂತ ಜಿಂಕೆ ವಿಷಯ ಜಾಸ್ತಿ ಇರುತ್ತದೆ, ಸಹಿಸಿಕೊಳ್ಳಿ.

ಇದಕ್ಕಿಂತ ಮುಂಚೆ ಒಂದು ಸಲ ಟೋಪಿ ಹಾಕಿಸಿಕೊಂಡಿದ್ದೆ. ಮೈಸೂರಿನದೇ ಒಂದು ಅಂಗಡಿ, ಹೆಸರು ಬೇಡ. 10×25 ಅಂತ ಚಿಕ್ಕದೊಂದು ಕೊಟ್ಟರು. ಅಂಗೈಯಲ್ಲಿ ಹಿಡಿಸುತ್ತದೆ, ವ್ಯಾನಿಟಿ ಬ್ಯಾಗಿಗೂ ಹೋಗುತ್ತದೆ. "ಇದು ಹತ್ತು ಪಟ್ಟು ಮೇಡಂ, ಅದು ಬರೀ ಎಂಟು, ಅದಕ್ಯಾಕೆ ಅಷ್ಟು ದುಡ್ಡು ಸುರೀತೀರಿ" ಅಂದರು. ನನಗೂ ಹೌದಲ್ವಾ ಅನ್ನಿಸಿತು. ಕುವೆಂಪುನಗರದ ನಮ್ಮ ಮನೆ ಟೆರೇಸಿಂದ ಚಾಮುಂಡಿ ಬೆಟ್ಟ ನೋಡಿದರೆ ಗೋಪುರ ಎರಡು! ಒಂದರ ಮೇಲೆ ಒಂದು ಒರಗಿ ನಿಂತ ಹಾಗೆ. ಹತ್ತು ನಿಮಿಷ ನೋಡಿದ್ದಕ್ಕೆ ಹಣೆ ಸಿಡಿಯೋಕೆ ಶುರುವಾಯಿತು. ಎರಡು ಕೊಳವೆಗಳೂ ಒಂದೇ ಕಡೆ ನೋಡುವಂತೆ ಕೂತಿಲ್ಲದಿದ್ದರೆ ಹೀಗಾಗುತ್ತದೆ. ವಾಪಸ್ ಒಯ್ದರೆ ಅಂಗಡಿಯವರು "ಕಣ್ಣು ಟೆಸ್ಟ್ ಮಾಡಿಸಿ ಮೇಡಂ" ಅಂದರು. ಮಾಡಿಸಿದೆ. ಕಣ್ಣು ಸರಿಯಾಗಿತ್ತು. ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಎರಡನೆಯದು ಈ 8×42. ಕಂಪನಿ ಹೆಸರು ಹೇಳಿದರೆ ಜಾಹೀರಾತು ಅಂತೀರಿ, ಬಿಡಿ. ಹನ್ನೊಂದು ಸಾವಿರ ಚಿಲ್ಲರೆ ಕೊಟ್ಟೆ. ಈ ಅಳತೆಯಲ್ಲಿ, ಈ ಬೆಲೆಯ ಆಸುಪಾಸಿನಲ್ಲಿ ಸಿಗುವ ಬೈನಾಕ್ಯುಲರ್‌ಗಳಲ್ಲಿ ಅಂಥ ದೊಡ್ಡ ವ್ಯತ್ಯಾಸವೇನೂ ನನಗೆ ಕಾಣಲಿಲ್ಲ. ಅಳತೆ ಅರ್ಥಮಾಡಿಕೊಂಡರೆ ಸಾಕು. ಮೊದಲ ಸಂಖ್ಯೆ ಎಷ್ಟು ಪಟ್ಟು ಹತ್ತಿರ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆ ಅಷ್ಟು ಮಿಲಿಮೀಟರ್ ಅಗಲ ಇರುತ್ತದೆ. ಆ ಚಿಕ್ಕದರಲ್ಲಿ 25 ಭಾಗಿಸು 10, ಅಂದರೆ ಎರಡೂವರೆ. ಮಟಮಟ ಮಧ್ಯಾಹ್ನ ಎರಡೂ ಒಂದೇ. ಆದರೆ ಜಿಂಕೆ, ಕಡವೆ ಎಲ್ಲ ಮರದ ನೆರಳಿಂದ ಆಚೆ ಬರುವುದೇ ಬೆಳಗ್ಗೆ ಮಂಜು ಹರಿಯುವ ಮುಂಚೆ ಮತ್ತು ಸಂಜೆ ಬೆಳಕು ಇಳಿಯುವಾಗ. ಆ ಹೊತ್ತಿನಲ್ಲಿ ನಮ್ಮ ಕಣ್ಣಿನ ಪಾಪೆ ಅಗಲವಾಗಿ ತೆರೆದು ಬೆಳಕಿಗೆ ಕಾದಿರುತ್ತದೆ. ಅದಕ್ಕೆ ಎರಡೂವರೆ ಮಿಲಿಮೀಟರ್ ಬೆಳಕು ಬಿಟ್ಟರೆ ಊಟಕ್ಕೆ ಕೂತವನಿಗೆ ಉಪ್ಪಿನಕಾಯಿ ಮಾತ್ರ ಬಡಿಸಿದ ಹಾಗೆ. ಇನ್ನು ಹತ್ತು ಪಟ್ಟು ಅಂದರೆ ಕೈ ನಡುಕವೂ ಹತ್ತು ಪಟ್ಟು, ಅದನ್ನು ಯಾವ ಅಂಗಡಿಯವರೂ ಹೇಳಲ್ಲ.

ಬಂದ ಮೊದಲ ಭಾನುವಾರವೇ ಮಗಳನ್ನು ಕರೆದುಕೊಂಡು ಮೈಸೂರು ಝೂಗೆ ಹೋದೆ. ನಮ್ಮ ಭಾವ ನಕ್ಕಿದ್ದೇ ನಕ್ಕಿದ್ದು, "ಝೂನಲ್ಲಿ ಬೈನಾಕ್ಯುಲರ್ ಯಾಕಮ್ಮಾ, ಪ್ರಾಣಿ ಅಲ್ಲೇ ಮುಂದೆ ನಿಂತಿರುತ್ತಲ್ಲ" ಅಂತ. ಜಿರಾಫೆ ನೋಡೋಕೆ ಬೇಡ, ಸರಿ. ಆದರೆ ಜಿಂಕೆ ಆವರಣದ ಆಚೆ ತುದಿಯಲ್ಲಿ ಮರದ ಕೆಳಗೆ ಮಲಗಿರುವ ಗಂಡಿನ ನೆತ್ತಿ ಮೇಲೆ ಏನಾಗುತ್ತಿದೆ ಅಂತ ಬರಿಗಣ್ಣಿಗೆ ಕಾಣುವುದಿಲ್ಲ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾದ ಝೂ ಅದು, ಮರಗಳೂ ದೊಡ್ಡವು, ನೆರಳೂ ದಟ್ಟ. ಜನ ಹುಲಿ ಎಲ್ಲಿ, ಗೊರಿಲ್ಲಾ ಎಲ್ಲಿ ಅಂತ ಓಡುತ್ತಾರೆ. ಜಿಂಕೆ ಹತ್ತಿರ ಬಂದರೆ "ಜಿಂಕೆ ತಾನೆ" ಅಂತ ಮುಂದಕ್ಕೆ. ಹಾಗಾಗಿ ಅಲ್ಲಿ ಆರಾಮಾಗಿ ಅರ್ಧ ಗಂಟೆ ನಿಲ್ಲಬಹುದು. ಯಾರೂ ತಳ್ಳುವುದಿಲ್ಲ. ಮಂಗಳವಾರ ರಜೆ, ನೆನಪಿರಲಿ. ದಸರಾ ಹತ್ತು ದಿನ ಆ ಕಡೆ ತಲೆ ಹಾಕಬೇಡಿ.

ಅವತ್ತು ಜೂನ್. ಚುಕ್ಕೆ ಜಿಂಕೆಗಳ ಗುಂಪಿನಲ್ಲಿ ಎಡಗಿವಿ ಹರಿದ ಗಂಡು ಒಂದಿತ್ತು. ಬಸ್ ಟಿಕೆಟ್ ಹರಿದ ಹಾಗೆ ಅಂಚಿನಲ್ಲಿ ಒಂದು ಚೂರು ಇಲ್ಲ. ಮಗಳು ಅದಕ್ಕೆ ಅಲ್ಲೇ "ಹರುಕಪ್ಪ" ಅಂತ ಹೆಸರಿಟ್ಟಳು. ಆ ಕಿವಿ ಇಲ್ಲದಿದ್ದರೆ ನನಗೆ ಗುರುತು ಹಿಡಿಯೋಕೆ ಆಗುತ್ತಿರಲಿಲ್ಲ, ಏಕೆಂದರೆ ಕೊಂಬನ್ನು ನಂಬಿ ಗುರುತಿಟ್ಟುಕೊಂಡರೆ ಕೊಂಬೇ ಇರುವುದಿಲ್ಲವಲ್ಲ. ಫೋಕಸ್ ತಿರುಗಿಸಿದಾಗ ಕಂಡಿದ್ದು ಹೀಗೆ: ಕೊಂಬಿನ ಬುಡದಲ್ಲಿ ಉಂಗುರದ ಹಾಗೆ ಒರಟು ಅಂಚು, ಅದರ ಸ್ವಲ್ಪ ಮೇಲೆ ಹುಬ್ಬಿನ ಕಡೆ ಬಾಗಿದ ಒಂದು ಕವಲು, ಮೇಲೆ ಹೋಗಿ ತುದಿಯಲ್ಲಿ ಎರಡಾಗಿ ಒಡೆದಿದೆ. ಒಟ್ಟು ಒಂದು ಕೊಂಬಿಗೆ ಮೂರು ಮೊನೆ. ಬುಡ ಕಂದು, ಹಳೇ ಬೀಟೆ ಮರದ ಬಣ್ಣ. ಮೊನೆಗಳು ಮಾತ್ರ ಬೆಳ್ಳಗೆ, ಉಜ್ಜಿ ಉಜ್ಜಿ ಪಾಲಿಶ್ ಆಗಿವೆ. ಎಂಟು ಪಟ್ಟಿನಲ್ಲಿ ಆ ಬಿಳಿ ಮೊನೆಯ ಮೇಲೆ ಬಿಸಿಲು ಮಿಂಚಿದ್ದೂ ಕಂಡಿತು. ಅಲ್ಲಿಗೆ ನಾನು ಗಾಜಿಗೆ ಪಾಸ್ ಮಾರ್ಕ್ ಕೊಟ್ಟೆ.

ನಮ್ಮ ಕನ್ನಡದಲ್ಲಿ ಒಂದು ತೊಂದರೆ ಇದೆ. ಎಲ್ಲಕ್ಕೂ ಕೊಂಬು ಅಂತೀವಿ. ಹಳ್ಳಿಕಾರ್ ಎತ್ತಿನದೂ ಕೊಂಬು, ಜಿಂಕೆಯದೂ ಕೊಂಬು, ಅಹಂಕಾರ ಬಂದವನಿಗೂ ಕೊಂಬು. ಎತ್ತಿನದು ಬೇರೆ ಕತೆ. ಒಳಗೆ ಮೂಳೆ, ಮೇಲೆ ನಮ್ಮ ಉಗುರಿನ ಜಾತಿಯ ಗಟ್ಟಿ ಕವಚ. ಹುಟ್ಟಿದ ಮೇಲೆ ಬೆಳೆಯುತ್ತಲೇ ಇರುತ್ತದೆ, ಬೀಳುವುದಿಲ್ಲ, ಕವಲೊಡೆಯುವುದಿಲ್ಲ. ಅದಕ್ಕೇ ಮಂಡ್ಯ ಕಡೆ ಸಂಕ್ರಾಂತಿಗೆ ಎತ್ತಿನ ಕೊಂಬು ಹೆರೆದು ಬಣ್ಣ ಬಳಿದು ಕಿಚ್ಚು ಹಾಯಿಸೋಕೆ ಆಗುವುದು. ವರ್ಷ ವರ್ಷ ಉದುರಿದರೆ ಯಾರು ಬಣ್ಣ ಬಳಿಯುತ್ತಾರೆ. ಕೃಷ್ಣಮೃಗವನ್ನೂ ನಾವು ಜಿಂಕೆ ಅಂತಲೇ ಕರೆಯುತ್ತೇವೆ, ಆದರೆ ಅದರ ತಿರುಚಿದ ಕೊಂಬೂ ಎತ್ತಿನ ಜಾತಿಯದು, ಸಾಯುವವರೆಗೂ ಅದೇ ಜೋಡಿ. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿಯದು ಹಾಗಲ್ಲ. ಅದು ಪೂರ್ತಿ ಮೂಳೆ, ಮೇಲೆ ಯಾವ ಕವಚವೂ ಇಲ್ಲ. ತಲೆಬುರುಡೆಯಿಂದ ಎರಡು ಮೋಟು ಬುಡಗಳು ಎದ್ದಿರುತ್ತವೆ, ಅವು ಖಾಯಂ. ಅದರ ಮೇಲಿನದೆಲ್ಲ ಬಾಡಿಗೆ ಮನೆ.

ಆಗಸ್ಟ್‌ನಲ್ಲಿ ಹೋದಾಗ ಹರುಕಪ್ಪನಿಗೆ ಒಂದೇ ಕೊಂಬು. ತಲೆ ಒಂದು ಕಡೆ ವಾಲಿದ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಒಂದು ಸಂಸಾರ "ಅಯ್ಯೋ ಪಾಪ, ಜಗಳದಲ್ಲಿ ಮುರಿದುಹೋಗಿದೆ" ಅಂತ ಮರುಗಿತು. ನಾನು ಬೈನಾಕ್ಯುಲರ್ ಕೊಟ್ಟು ನೋಡಿ ಅಂದೆ. ಮುರಿದಿದ್ದರೆ ಮೊನಚು ಮೊನಚಾಗಿ ಮೋಟು ಉಳಿಯಬೇಕಿತ್ತು. ಅಲ್ಲಿದ್ದದ್ದು ತಟ್ಟೆಯ ಹಾಗೆ ಸ್ವಲ್ಪ ತಗ್ಗಾದ ಕೆಂಪು ಗಾಯ, ಚಿಕ್ಕ ಕಾಫಿ ಲೋಟದ ತಳದಷ್ಟು. ಅಂಚಿನಲ್ಲಿ ಆಗಲೇ ಹಕ್ಕಳೆ ಕಟ್ಟುತ್ತಿತ್ತು. ಮುಂದಿನ ವಾರದ ಹೊತ್ತಿಗೆ ಇನ್ನೊಂದೂ ಹೋಗಿತ್ತು. ಸಾಮಾನ್ಯವಾಗಿ ಎರಡೂ ಹೀಗೆ ಕೆಲವೇ ದಿನಗಳ ಅಂತರದಲ್ಲಿ ಬೀಳುತ್ತವೆ.

ಇದು ಹೇಗೆ ಬೀಳುತ್ತದೆ ಅನ್ನುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಬೆದೆಗಾಲ ಮುಗಿದ ಮೇಲೆ ಗಂಡಿನ ಮೈಯಲ್ಲಿ ಟೆಸ್ಟೊಸ್ಟೆರೋನ್ ಇಳಿಯುತ್ತದೆ. ಅದು ಇಳಿದಿದ್ದೇ ತಡ, ಮೂಳೆ ಕರಗಿಸುವ ಜೀವಕೋಶಗಳು ಮೋಟು ಬುಡಕ್ಕೂ ಕೊಂಬಿಗೂ ನಡುವಿನ ಗೆರೆಯಲ್ಲಿ ಕೆಲಸ ಶುರುಮಾಡುತ್ತವೆ. ಮೂಳೆ ಅಲ್ಲಲ್ಲಿ ಸವೆದು ತೂತು ತೂತಾಗುತ್ತದೆ. ಆಮೇಲೆ ಒಂದು ದಿನ ಅದು ತನ್ನ ಭಾರಕ್ಕೆ ತಾನೇ ಬೀಳುತ್ತದೆ, ಇಲ್ಲಾ ಕೊಂಬೆಗೆ ತಗುಲಿ ಕಳಚಿಕೊಳ್ಳುತ್ತದೆ. ಹಿಂದಿನ ದಿನದವರೆಗೂ ಇನ್ನೊಂದು ಗಂಡಿನ ಜೊತೆ ತಳ್ಳಾಡಿದರೂ ಅಲುಗಾಡದಷ್ಟು ಗಟ್ಟಿ ಇದ್ದದ್ದು! ಈ ಹಾರ್ಮೋನಿನದೇ ಯಜಮಾನಿಕೆ ಅನ್ನುವುದಕ್ಕೆ ಒಂದು ಸಾಕ್ಷಿ ಇದೆ. ಗಟ್ಟಿ ಕೊಂಬಿರುವ ಗಂಡಿಗೆ ಬೀಜ ಒಡೆದರೆ ಕೊಂಬು ಬೇಗ ಬಿದ್ದುಹೋಗುತ್ತದೆ, ಆಮೇಲೆ ಬರುವ ಹೊಸ ಕೊಂಬು ಪೂರ್ತಿ ಗಟ್ಟಿಯಾಗುವುದೂ ಇಲ್ಲ, ಅದರ ಮೇಲಿನ ಚರ್ಮ ಕಳಚುವುದೂ ಇಲ್ಲ.

ಸೆಪ್ಟೆಂಬರ್‌ನಲ್ಲಿ ನೆತ್ತಿ ಮೇಲೆ ಎರಡು ಗುಂಡಗಿನ ಗುಬುಟು. ಕಡು ಕಂದು, ಮೇಲೆಲ್ಲ ನವಿರು ಕೂದಲು. ಇದಕ್ಕೇ ವೆಲ್ವೆಟ್ ಅನ್ನುವುದು. ಹೆಸರು ಸರಿಯಾಗಿಯೇ ಇದೆ. ಬೆಳಗ್ಗೆ ಎಂಟೂವರೆಗೆ ಗೇಟ್ ತೆಗೆದ ತಕ್ಷಣ ಹೋದರೆ ಬಿಸಿಲು ಅಡ್ಡಡ್ಡ ಬೀಳುತ್ತಿರುತ್ತದೆ. ಆಗ ಈ ಗುಬುಟಿನ ಸುತ್ತ ಒಂದು ಬೆಳ್ಳನೆ ನೂಲಿನ ಅಂಚು ಕಾಣುತ್ತದೆ, ಪೀಚ್ ಹಣ್ಣಿನ ಮೇಲಿರುತ್ತಲ್ಲ ಹಾಗೆ. ಅದನ್ನು 8×42ನಲ್ಲಿ ಒಂದೊಂದು ಕೂದಲು ಬಿಡಿಸಿ ನೋಡಿದೆ ಅಂದರೆ ಸುಳ್ಳಾಗುತ್ತದೆ. ಆದರೆ ಆ ಅಂಚು ಮಾತ್ರ ಸ್ಪಷ್ಟ. ಒಂದು ನೊಣ ಬಂದು ಅದರ ಮೇಲೆ ಕೂತಿತು, ಹರುಕಪ್ಪ ತಕ್ಷಣ ಕಿವಿ ಕೊಡವಿದ. ಮತ್ತೆ ಕೂತಿತು, ಮತ್ತೆ ಕೊಡವಿದ. ಗಟ್ಟಿ ಕೊಂಬಿದ್ದಾಗ ಅದರ ಮೇಲೆ ಮೈನಾ ಕೂತರೂ ಕ್ಯಾರೇ ಅನ್ನದವನು. ವೆಲ್ವೆಟ್ ಒಳಗೆ ರಕ್ತನಾಳವೂ ಇದೆ, ನರವೂ ಇದೆ. ಮುಟ್ಟಿದರೆ ಬೆಚ್ಚಗಿರುತ್ತದೆ, ಪೆಟ್ಟಾದರೆ ರಕ್ತ ಬರುತ್ತದೆ. ಅದಕ್ಕೇ ಈ ಕಾಲದಲ್ಲಿ ಗಂಡುಗಳು ಕೊಂಬಿನಲ್ಲಿ ಹಾಯುವುದಿಲ್ಲ. ಜಗಳ ಬಂದರೆ ಹಿಂಗಾಲ ಮೇಲೆ ಎದ್ದು ನಿಂತು ಮುಂಗಾಲಿನಲ್ಲಿ ಗುದ್ದಾಡುತ್ತವೆ. ನಾನು ಅಕ್ಟೋಬರ್‌ನಲ್ಲಿ ಒಂದು ಸಲ ನೋಡಿದೆ, ಎರಡು ಸೆಕೆಂಡಿನಲ್ಲಿ ಮುಗಿದುಹೋಯಿತು. ಬೈನಾಕ್ಯುಲರ್ ಕಣ್ಣಿಗೆ ತರುವಷ್ಟರಲ್ಲಿ ಇಬ್ಬರೂ ಏನೂ ಆಗಿಲ್ಲದವರಂತೆ ಹುಲ್ಲು ಮೇಯುತ್ತಿದ್ದರು.

ಅಕ್ಟೋಬರ್ ಕೊನೆಗೆ ಹುಬ್ಬಿನ ಕವಲು ಬಂತು. ಡಿಸೆಂಬರ್‌ಗೆ ಮೇಲಿನ ಕವಲೂ ಒಡೆಯಿತು. ಬೆಳೆಯುವುದು ತುದಿಯಿಂದ, ಬುಡದಿಂದಲ್ಲ. ನಮ್ಮ ಉಗುರು, ಕೂದಲು ಬುಡದಿಂದ ತಳ್ಳಿಕೊಂಡು ಬರುತ್ತವಲ್ಲ, ಇದು ಅದಕ್ಕೆ ತದ್ವಿರುದ್ಧ, ಗಿಡದ ಕುಡಿಯ ಹಾಗೆ. ಮೊದಲು ಮೆತ್ತನೆ ಮೂಳೆ, ನಮ್ಮ ಕಿವಿಯ ಅಂಚಿನಲ್ಲಿರುವಂಥದ್ದು. ಹಿಂದಿಂದ ಅದಕ್ಕೆ ಕ್ಯಾಲ್ಸಿಯಂ ತುಂಬಿ ಗಟ್ಟಿಯಾಗುತ್ತಾ ಬರುತ್ತದೆ. ಅದಕ್ಕೇ ಬೆಳೆಯುವ ಕೊಂಬಿನ ತುದಿ ಮೊಂಡಾಗಿ, ಉಬ್ಬಿದ ಹೆಬ್ಬೆರಳಿನ ಹಾಗೆ ಕಾಣುವುದು. ಸಸ್ತನಿಗಳ ಮೈಯಲ್ಲಿ ಇಷ್ಟು ವೇಗವಾಗಿ ಬೆಳೆಯುವ ಅಂಗ ಇನ್ನೊಂದು ಸಿಗುವುದು ಕಷ್ಟ. ಅಮೆರಿಕದ ಎಲ್ಕ್ ಅನ್ನುವ ದೊಡ್ಡ ಜಿಂಕೆಯಲ್ಲಿ, ಬೆಳವಣಿಗೆ ಜೋರಾಗಿರುವಾಗ ದಿನಕ್ಕೆ ಎರಡೂವರೆ ಸೆಂಟಿಮೀಟರ್‌ವರೆಗೂ ಹೋಗುತ್ತದೆ. ಮೂಸ್ ಅನ್ನುವುದು ಕೆಲವೇ ತಿಂಗಳಲ್ಲಿ 20 ಕಿಲೋ ತೂಗುವ ಕೊಂಬು ಬೆಳೆಸಿ, ಬಳಸಿ, ಬಿಸಾಕುತ್ತದೆ. ನಮ್ಮ ಚುಕ್ಕೆ ಜಿಂಕೆಯದು ಅಷ್ಟೆಲ್ಲ ಇಲ್ಲ, ಆದರೂ ಎರಡು ವಾರ ಬಿಟ್ಟು ಹೋದರೆ ವ್ಯತ್ಯಾಸ ಗೊತ್ತಾಗುತ್ತದೆ.

ಇಷ್ಟು ಮೂಳೆಗೆ ಸುಣ್ಣ ಎಲ್ಲಿಂದ? ತಿನ್ನುವ ಸೊಪ್ಪು ಹುಲ್ಲಿನಲ್ಲಿ ಸಾಲುವುದಿಲ್ಲ. ಆಗ ಜಿಂಕೆ ತನ್ನ ಪಕ್ಕೆಲುಬು ಮತ್ತು ಬೇರೆ ಮೂಳೆಗಳಿಂದ ಸಾಲ ತೆಗೆಯುತ್ತದೆ. ಆ ಕೆಲವು ತಿಂಗಳು ಅದರ ಎಲುಬು ಸಡಿಲ. ಆಮೇಲೆ ಮೇವಿನಿಂದ ಸಾಲ ತೀರಿಸುತ್ತದೆ. ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ಅತ್ತೆ ಮಂಡಿ ನೀವಿಕೊಳ್ಳುತ್ತಾ "ನನ್ನ ಮೂಳೆ ಸವೆದಿದ್ದು ನಿಮ್ಮನ್ನೆಲ್ಲ ಸಾಕಿ ಸಾಕಿ, ನನಗೆ ಯಾವ ಕೊಂಬೂ ಬರಲಿಲ್ಲ" ಅಂದರು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಜನವರಿ ಎರಡನೇ ವಾರ, ಸಂಕ್ರಾಂತಿ ಆಸುಪಾಸು. ದೂರದಿಂದ ನೋಡಿದರೆ ಹರುಕಪ್ಪನ ಕೊಂಬಿಗೆ ಯಾರೋ ಹರಿದ ಬಟ್ಟೆ ಕಟ್ಟಿದ ಹಾಗಿತ್ತು. ಫೋಕಸ್ ಮಾಡಿದೆ. ವೆಲ್ವೆಟ್ ಕಿತ್ತುಬಂದು ಪಟ್ಟಿ ಪಟ್ಟಿಯಾಗಿ ನೇತಾಡುತ್ತಿದೆ, ಕೆಳಗೆ ಹಸಿ ಮೂಳೆ, ಅದರ ಮೇಲೆ ರಕ್ತ. ಒಂದು ಪಟ್ಟಿ ಕಣ್ಣಿನ ಮುಂದೆಯೇ ಜೋತುಬಿದ್ದು ಗಾಳಿಗೆ ಅಲ್ಲಾಡುತ್ತಿದೆ. ಹರುಕಪ್ಪ ಮರದ ಬೊಡ್ಡೆಗೆ ಕೊಂಬು ತಿಕ್ಕಿದ, ನಿಂತ, ತಲೆ ಓರೆ ಮಾಡಿ ನಾಲಿಗೆ ಚಾಚಿ ಆ ಪಟ್ಟಿಯನ್ನು ಬಾಯಿಗೆಳೆದುಕೊಂಡು ಜಗಿದ! ಮಗಳು "ಥೂ" ಅಂದಳು. ಪಕ್ಕದಲ್ಲಿ ಒಬ್ಬ ಹುಡುಗ ರಕ್ತ ನೋಡಿ ಅಳೋಕೆ ಶುರು ಮಾಡಿದ, ಅವನ ಅಪ್ಪ ಹೋಗಿ ಸಿಬ್ಬಂದಿಯನ್ನು ಕರೆತಂದರು. ಅವರು ನಗುತ್ತಾ "ನೋವಿಲ್ಲ ಸಾರ್, ಹೊಸ ಕೊಂಬು ಒರೆಸಿಕೊಳ್ತಾ ಇದೆ" ಅಂದರು. ಒರೆಸಿಕೊಳ್ಳುವುದು, ಎಂಥ ಒಳ್ಳೆ ಮಾತು ನೋಡಿ. ಹಾರ್ಮೋನ್ ಮತ್ತೆ ಏರಿದಾಗ ಕೊಂಬು ಪೂರ್ತಿ ಗಟ್ಟಿಯಾಗುತ್ತದೆ, ಮೇಲಿನ ಚರ್ಮಕ್ಕೆ ರಕ್ತ ನಿಲ್ಲುತ್ತದೆ, ಚರ್ಮ ಸಾಯುತ್ತದೆ. ಸತ್ತ ಚರ್ಮ ಕಳಚಿಕೊಳ್ಳುವುದಕ್ಕೆ ಈ ತಿಕ್ಕಾಟ. ತಿಕ್ಕುವಾಗ ಮರದ ರಸ, ತೊಗಟೆಯ ಪುಡಿ ಹತ್ತಿ ಕಂದು ಬಣ್ಣ ಬರುತ್ತದೆ. ಜೂನ್‌ನಲ್ಲಿ ಬೀಟೆ ಮರ ಅಂದೆನಲ್ಲ, ಆ ಬಣ್ಣದ ಗುಟ್ಟು ಇದು.

ಇನ್ನೊಂದು ವಿಷಯ. ಕವಲು ಎಣಿಸಿ ವಯಸ್ಸು ಹೇಳುವವರು ಪ್ರತಿ ಭಾನುವಾರ ಒಬ್ಬರಾದರೂ ಸಿಗುತ್ತಾರೆ. "ಮೂರು ಕವಲು, ಅಂದರೆ ಮೂರು ವರ್ಷ" ಅಂತ. ಅದು ತಪ್ಪು. ಚಿಕ್ಕ ವಯಸ್ಸಿನ ಗಂಡಿಗೆ ಕವಲಿಲ್ಲದ ಒಂಟಿ ಮೊಳೆಯ ಹಾಗೆ ಬರುತ್ತದೆ, ಅದು ನಿಜ. ಆದರೆ ಪ್ರಾಯ ಬಂದ ಚುಕ್ಕೆ ಜಿಂಕೆಗೆ ಸಾಮಾನ್ಯವಾಗಿ ಮೂರೇ ಮೊನೆ, ಎಷ್ಟು ವರ್ಷವಾದರೂ ಅಷ್ಟೇ. ಉದ್ದ, ದಪ್ಪ ಬದಲಾಗುತ್ತದೆ, ಮೇವು ಆರೋಗ್ಯದ ಮೇಲೆ. ಮುದಿಯಾದ ಮೇಲೆ ಮತ್ತೆ ಸಣ್ಣದಾಗುವುದೂ ಉಂಟು. ಕೊಂಬಿಲ್ಲದ್ದೆಲ್ಲ ಹೆಣ್ಣು ಅನ್ನುವುದೂ ಅಷ್ಟೇ ತಪ್ಪು, ಅದಕ್ಕೆ ಬರುತ್ತೇನೆ.

ಏಪ್ರಿಲ್ ಕೊನೆಯಲ್ಲಿ ಕಬಿನಿ ಕಡೆ ಸಂಜೆ ಸಫಾರಿಗೆ ಹೋಗಿದ್ದೆವು. ಹುಲಿಯ ಬೆನ್ನು ಕಂಡಿದ್ದು ಅವತ್ತೇ. ಹಿನ್ನೀರು ಇಳಿದು ಹಸಿರು ಹುಲ್ಲು ಚಿಗುರಿತ್ತು. ಆರು ಗಂಟೆ ದಾಟಿದಾಗ ಕಾಡಿನ ಅಂಚಿನಲ್ಲಿ ಒಂದು ಕಡವೆ ನಿಂತಿತ್ತು, ಒಂಟಿ, ಕಪ್ಪಗೆ, ಭಾರಿ ಮೈ. ನಮ್ಮ ವಾಹನದಲ್ಲಿ ಫಿರಂಗಿಯಷ್ಟು ದೊಡ್ಡ ಕ್ಯಾಮೆರಾ ಲೆನ್ಸ್ ಇಟ್ಟುಕೊಂಡ ಒಬ್ಬರು ಇದ್ದರು. ಅವರು ನೋಡಿದವರೇ "ಹೆಣ್ಣು, ಹೊರಡಿ" ಅಂದರು. ಡ್ರೈವರ್ ಮೆಲ್ಲಗೆ "ಗಂಡು ಸಾರ್, ಕೊಂಬು ಉದುರಿಸಿದೆ" ಅಂದರು. ಅವರು ಒಪ್ಪಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಬೈನಾಕ್ಯುಲರ್ ಎತ್ತಿದೆ. ಎಂಜಿನ್ ಆಫ್ ಮಾಡಿಸಿದೆ, ಏಕೆಂದರೆ ಎಂಜಿನ್ ಓಡುತ್ತಿದ್ದರೆ ಎಂಟು ಪಟ್ಟೂ ಕುಣಿಯುತ್ತದೆ. ಕತ್ತಿನ ಸುತ್ತ ಒರಟು ಕೂದಲಿನ ಪೊದೆ, ಅದು ಗಂಡಿನ ಗುರುತು. ಕಿವಿಗಳ ನಡುವೆ ಎರಡು ಗುಂಡನೆ ಕಲೆ, ಹಕ್ಕಳೆ ಕಟ್ಟಿದ್ದು. ಆ ಬೆಳಕಿನಲ್ಲಿ ಕ್ಯಾಮೆರಾದವರ ಫೋಟೊದಲ್ಲಿ ಬರೀ ಕಪ್ಪು ಆಕಾರ ಬಂದಿತ್ತು. ನನಗೆ ಹಕ್ಕಳೆಯ ಅಂಚು ಕಂಡಿತು. 5.25 ಅಂದೆನಲ್ಲ, ಆ ಲೆಕ್ಕಕ್ಕೆ ಕೊಟ್ಟ ದುಡ್ಡು ಆ ಎರಡು ನಿಮಿಷದಲ್ಲಿ ವಸೂಲಾಯಿತು.

ಅಲ್ಲೇ ಹತ್ತಿರ ಚುಕ್ಕೆ ಜಿಂಕೆಗಳ ದೊಡ್ಡ ಗುಂಪು. ಜಾಸ್ತಿ ಗಂಡುಗಳಿಗೆ ಗಟ್ಟಿ ಕೊಂಬು, ಆದರೆ ಎರಡಕ್ಕೆ ವೆಲ್ವೆಟ್, ಒಂದರದ್ದು ಬೋಳು. ಒಂದೇ ಗುಂಪಿನಲ್ಲಿ ಮೂರೂ ಅವಸ್ಥೆ! ಇಂಗ್ಲೆಂಡ್, ಅಮೆರಿಕದ ಜಿಂಕೆಗಳಲ್ಲಿ ಹೀಗಿಲ್ಲ. ಅಲ್ಲಿ ಹಗಲಿನ ಉದ್ದ ಚಳಿಗಾಲಕ್ಕೂ ಬೇಸಿಗೆಗೂ ಎಷ್ಟೋ ಗಂಟೆ ಬದಲಾಗುತ್ತದೆ, ಅದೇ ಅವುಗಳ ಕ್ಯಾಲೆಂಡರ್. ಚಳಿಗಾಲ ಮುಗಿಯುವ ಹೊತ್ತಿಗೆ ಕೊಂಬು ಉದುರಿ, ಬೇಸಿಗೆಯಲ್ಲಿ ಬೆಳೆದು, ಎಲೆ ಉದುರುವ ಕಾಲಕ್ಕೆ ಗಟ್ಟಿಯಾಗಿ ಕಾದಾಟಕ್ಕೆ ತಯಾರು. ಎಲ್ಲ ಒಟ್ಟೊಟ್ಟಿಗೆ. ಮೈಸೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ. ಇಲ್ಲಿನ ಜಿಂಕೆಗಳಿಗೆ ಅಂಥ ಕಟ್ಟುನಿಟ್ಟಿನ ಕ್ಯಾಲೆಂಡರ್ ಇಲ್ಲ, ಒಂದೊಂದು ಗಂಡಿಗೂ ಅದರದೇ ವರ್ಷ. ಹಿಮಸಾರಂಗದಲ್ಲಂತೂ ಹೆಣ್ಣಿಗೂ ಕೊಂಬು ಬರುತ್ತದೆ, ಜಿಂಕೆ ಕುಲದಲ್ಲಿ ಆ ಭಾಗ್ಯ ಅದಕ್ಕೊಂದಕ್ಕೇ.

ಇಷ್ಟೊಂದು ಗಂಡುಗಳು ವರ್ಷಕ್ಕೆರಡು ಉದುರಿಸಿದರೆ ಕಾಡೆಲ್ಲ ಕೊಂಬು ಬಿದ್ದಿರಬೇಕಲ್ವಾ ಅಂತ ಮಗಳು ಕೇಳಿದಳು. ಇರುವುದಿಲ್ಲ. ಮುಳ್ಳುಹಂದಿಗೆ ಇದು ಚಕ್ಕುಲಿ. ಕ್ಯಾಲ್ಸಿಯಂ, ಫಾಸ್ಫರಸ್ ಸಿಗುತ್ತದೆ ಅಂತ ಕೆರೆದು ಕೆರೆದು ತಿನ್ನುತ್ತದೆ, ಅದರ ಹಲ್ಲೂ ಸವೆದು ಹದವಾಗಿರುತ್ತದೆ. ಇಲಿಗಳೂ ತಿನ್ನುತ್ತವೆ. ಜಿಂಕೆಗಳೇ ಕಚ್ಚಿ ಜಗಿಯುವುದೂ ಇದೆ.

ಹಾಗಂತ ಕಾಡಿನಲ್ಲಿ ಬಿದ್ದದ್ದು ಸಿಕ್ಕರೆ ಚೀಲಕ್ಕೆ ಹಾಕಿಕೊಳ್ಳಬೇಡಿ. ತಾನಾಗಿ ಉದುರಿದ್ದು, ಯಾವ ಪ್ರಾಣಿಗೂ ನೋವು ಮಾಡಿಲ್ಲ ಅನ್ನುವ ಸಮಜಾಯಿಷಿ ನಡೆಯುವುದಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. 2023ರಲ್ಲಿ ಹುಲಿಯುಗುರಿನ ಗಲಾಟೆ ಎದ್ದಾಗ ನಮ್ಮ ಅತ್ತೆಗೆ ಜೀವವೇ ಹೋದ ಹಾಗಾಗಿತ್ತು. ಪಾಂಡವಪುರದ ಹತ್ತಿರ ಅವರ ತವರಿನಲ್ಲಿ ಗೋಡೆ ಮೇಲೆ ಒಂದು ಜೋಡಿ ಕೊಂಬು ಇತ್ತಂತೆ, ತಾತ ಅದರ ಮೇಲೆ ಪೇಟ ತೂಗುಹಾಕುತ್ತಿದ್ದರಂತೆ. ಇನ್ನೊಂದು ತುಂಡು ಅಡುಗೆಮನೆ ಗೂಡಿನಲ್ಲಿ. ಎದೆನೋವು ಅಂದರೆ ಅದನ್ನೇ ಕಲ್ಲಿನ ಮೇಲೆ ತೇಯ್ದು ಹಚ್ಚುವುದು. ಅದೆಲ್ಲ ಎಲ್ಲಿ ಹೋಯಿತೋ ಅಂತ ತಮ್ಮನಿಗೆ ಫೋನ್ ಮಾಡಿ ಮಾಡಿ ಕೇಳಿದರು. ಮನೆ ಕೆಡವಿದಾಗಲೇ ಹೋಯಿತು ಅಂತ ಗೊತ್ತಾದ ಮೇಲೆ ನಿದ್ದೆ ಬಂತು. ಮೈಸೂರು ಒಂದು ಕಾಲಕ್ಕೆ ಇಂಥ ತಲೆಗಳನ್ನು ಗೋಡೆಗೇರಿಸುವುದಕ್ಕೇ ಹೆಸರಾಗಿದ್ದ ಊರು. ವ್ಯಾನ್ ಇಂಗೆನ್ ಅವರ ಕಾರ್ಖಾನೆಯಿಂದ ದೇಶ ವಿದೇಶಕ್ಕೆ ಹೋಗುತ್ತಿತ್ತು. ಅದು 1999ರಲ್ಲಿ ಮುಚ್ಚಿತು. ಹಳೇ ಬಂಗಲೆಗಳ ಗೋಡೆ ಮೇಲೆ ಕಡವೆ ತಲೆ ಕಂಡರೆ ನಾನೀಗ ಮೊದಲು ಕೊಂಬಿನ ಬುಡದ ಉಂಗುರ ನೋಡುತ್ತೇನೆ.

ಸರಿ, ಬೈನಾಕ್ಯುಲರ್‌ಗೆ ವಾಪಸ್ ಬರೋಣ. ತೊಂದರೆಗಳು ಇಲ್ಲದೇ ಇಲ್ಲ. ತೂಕ 650 ಗ್ರಾಂ, ಮೊದಲ ಅರ್ಧ ಗಂಟೆ ಏನೂ ಅನ್ನಿಸುವುದಿಲ್ಲ, ಎರಡನೇ ಗಂಟೆಯಲ್ಲಿ ಕತ್ತು ಎಳೆಯುತ್ತದೆ. ಜೊತೆಗೆ ಬಂದ ಪಟ್ಟಿ ದಂಡ, ತೆಳ್ಳಗಿನ ಪ್ಲಾಸ್ಟಿಕ್ ದಾರ, ಬೆವರಿಗೆ ಕತ್ತು ಕೆಂಪಾಗುತ್ತದೆ. ಮುಂದಿನ ಗಾಜಿನ ಮುಚ್ಚಳದಲ್ಲಿ ಒಂದು ಮೂರನೇ ದಿನವೇ ಕಾರಂಜಿ ಕೆರೆ ಪಾಲಾಯಿತು. ಕನ್ನಡಕ ಹಾಕುವವರು ಕೊಳ್ಳುವ ಮುಂಚೆ ಹಾಕಿಕೊಂಡೇ ನೋಡಿ. ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿದ ಮೇಲೂ ಸುತ್ತ ಕಪ್ಪು ಕಂಡರೆ ಅದು ನಿಮಗಲ್ಲ. ಬಲಗಡೆ ಕಣ್ಣಿನ ಹತ್ತಿರ ಒಂದು ಸಣ್ಣ ಉಂಗುರ ಇರುತ್ತದೆ, ಎರಡು ಕಣ್ಣಿನ ಪವರ್ ಬೇರೆ ಇದ್ದರೆ ಸರಿಹೊಂದಿಸುವುದಕ್ಕೆ. ಅದನ್ನು ಯಾರೂ ಮುಟ್ಟುವುದಿಲ್ಲ, ಆಮೇಲೆ ಗಾಜು ಸರಿಯಿಲ್ಲ ಅಂತಾರೆ. ಎಡಗಣ್ಣಿಗೆ ನಡುವಿನ ಚಕ್ರ, ಬಲಗಣ್ಣಿಗೆ ಈ ಉಂಗುರ, ಒಂದು ಸಲ ಹೊಂದಿಸಿದರೆ ಮುಗಿಯಿತು.

ಮಳೆಗಾಲದಲ್ಲಿ ಬೀರುವಿನಲ್ಲಿ ಬಟ್ಟೆ ಜೊತೆ ಇಡಬೇಡಿ, ಗಾಜಿಗೆ ಬೂಷ್ಟು ಹಿಡಿಯುತ್ತದೆ. ನಾನು ಗಾಳಿ ಹೋಗದ ಸ್ಟೀಲ್ ಡಬ್ಬಿಯಲ್ಲಿ, ಹೊಸ ಚಪ್ಪಲಿ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನೆಲ್ಲ ಕೂಡಿಟ್ಟು ಹಾಕಿ ಇಡುತ್ತೇನೆ. ಅತ್ತೆ ಎರಡು ಸಲ ಅದನ್ನು ಕೋಡುಬಳೆ ಡಬ್ಬಿ ಅಂತ ತೆಗೆದು ನಿರಾಸೆಪಟ್ಟಿದ್ದಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಟ್ ಮಾಡಿದ್ದು ಪಟ್ಟಿಗೆ. ದೇವರಾಜ ಮಾರುಕಟ್ಟೆ ಹತ್ತಿರ ಅಗಲದ ಹತ್ತಿ ಪಟ್ಟಿ ಒಂದನ್ನು ಹೊಲಿಸಿ ಹಾಕಿಸಿದ ಮೇಲೆ ಆ ತಕರಾರೂ ಇಲ್ಲ.

ಹೋದ ಭಾನುವಾರ ಮತ್ತೆ ಹೋಗಿದ್ದೆವು, ಆಗಸ್ಟ್ ಬಂತಲ್ಲ. ಭಾವನೂ ಬಂದಿದ್ದರು. ಹರುಕಪ್ಪ ಮರದ ಕೆಳಗೆ ಮಲಗಿದ್ದ, ಎರಡು ಕೊಂಬೂ ಇದ್ದವು. ಅರ್ಧ ಗಂಟೆ ಕಾದೆವು, ಎದ್ದು ಮೈಕೊಡವಿದ, ಏನೂ ಬೀಳಲಿಲ್ಲ. ಭಾವ ಬೈನಾಕ್ಯುಲರ್ ಕೇಳಿ ಇಸ್ಕೊಂಡರು, ಆಮೇಲೆ ವಾಪಸ್ ಕೊಡಲೇ ಇಲ್ಲ. ಬುಧವಾರ ಬೆಳಗ್ಗೆ ರಜೆ ಹಾಕಿ ಒಬ್ಬರೇ ಹೋಗಿ ಬಂದು ಫೋನ್ ಮಾಡಿದರು, "ಬಲಗಡೆದು ಬಿತ್ತು ಕಣಮ್ಮಾ" ಅಂತ.